ಹದಿನೆಂಟು ವ್ಯಾಟಿನ ಉಸ್ತಾದ್

ಅಲೆಕ್ಸಾಂಡ್ರಿಯಾದ ಬಹರಿ ಪೇಟೆಯಲ್ಲಿ ಪೊಲೀಸರಿಗೆ ಹೆದರದವರಿದ್ದಾರೆ, ವೇಪ್ ಎಂಬ ಬ್ಯಾಟರಿ ಸಿಗರೇಟಿನ ರಿಪೇರಿಯ ಉಸ್ತಾದ್ ವಜ್ದಿಗೆ ಹೆದರದವರಿಲ್ಲ. ಹೊಗೆ ಬರದಿದ್ದರೆ ಗಿರಾಕಿ ಸಿಗರೇಟಿಗೆ ಮರಳುತ್ತಾನೆಂಬುದೊಂದೇ ಅವನ ಭಯ. ಹುಕ್ಕಾದ ಹೊಗೆ ತೆಳುವಾದರೆ ಕೆಂಡ ಸೇರಿಸಿ ಬೆಳೆದ ಜನ ವೇಪಿಗೂ ವ್ಯಾಟ್ ಏರಿಸಿ, ಒಳಗೆ ರಸ ಹೀರಿ ಹೊಗೆಯಾಗಿಸುವ ಹತ್ತಿ ಸುಟ್ಟುಕೊಂಡು ಕೆಮ್ಮುತ್ತ ಬರುತ್ತಾರೆ. “ಎಂಬತ್ತಕ್ಕೆ ಇಡು ಉಸ್ತಾದ್,” ಎಂದು ಮೀನುದೋಣಿಯ ಯಜಮಾನ ಶಹಾತ ಗುಡುಗಿದರೆ, “ಇದೇನು ನಿನ್ನ ದೋಣಿ ಇಂಜಿನ್ನಾ ಯಜಮಾನ್ರೇ? ಹತ್ತೀನ ದಿಂಬಿನ ಥರ ತುರುಕಿದೀಯ, ರಸ ಎಲ್ಲಿಂದ ಏರತ್ತೆ? ಸುಮ್ನೆ ಕೂತ್ಕೋ,” ಎಂದು ಸೇನಾಪತಿಯಂತೆ ಚಿಮಟ ಎತ್ತುತ್ತಾನೆ. ತಂತಿಸುರುಳಿಯ ಕರಿ ಸುಟ್ಟು, ಹೊಸ ಹತ್ತಿಯನ್ನು ಸಡಿಲವಾಗಿ ಹೂಡಿ, ಗಾಳಿಕಿಂಡಿ ತೆರೆದು, ಹದಿನೆಂಟರಿಂದ ಒಂದೊಂದೇ ವ್ಯಾಟ್ ಏರಿಸುತ್ತಾನೆ. ಮೂವತ್ತಕ್ಕೆ ಹೊಗೆಯಲ್ಲಿ ಎದುರಿನ ಮಸೀದಿಯ ಮಿನಾರೇ ಮಾಯ. ಅದರ ಮೇಲೆ ಗವರ್ನರ್ ಬಂದು ಕೇಳಿದರೂ ಒಂದು ವ್ಯಾಟ್ ಸಿಗದು. ಹೋದ ಚಳಿಗಾಲ ಅವನ ಅಣ್ಣ ಶ್ವಾಸಕೋಶ ಕೆಟ್ಟು ತೀರಿಕೊಂಡ. ಶೋಕದ ಶಾಮಿಯಾನದಲ್ಲಿ ವಾಡಿಕೆಯಂತೆ ಸಿಗರೇಟಿನ ತಟ್ಟೆ ಬಂದಾಗ, ಮೂವತ್ತು ವರ್ಷ ಸೇದಿ ಬಿಟ್ಟಿದ್ದ ವಜ್ದಿಯ ಸ್ವಂತ ವೇಪು ಹೊಗೆ ನಿಲ್ಲಿಸಿತ್ತು. “ಇವತ್ತೊಂದು ಸೇದಪ್ಪ, ಯಾರೇನಂತಾರೆ?” ಎಂದರು ಹಿರಿಯರು. ಅವನು ವೇಪನ್ನು ತೊಡೆಯ ಮೇಲೆ ಬಿಚ್ಚಿಟ್ಟು, ಮೂರು ಸಲ ಹತ್ತಿ ಬದಲಿಸಿದ. “ತಟ್ಟೆ ತಗೊಂಡ್ಹೋಗಿ,” ಎಂದ, “ನಮ್ಮನೇಲಿ ಅದಕ್ಕೆ ಒಬ್ಬನ್ನ ಕೊಟ್ಟಾಯ್ತು, ಇನ್ನೊಬ್ಬನ್ನ ಕೊಡಲ್ಲ.”