ಹಿಂದಕ್ಕೆ ತಿರುಗಿದ ತಾರೀಖು

ಮೊನ್ನೆ ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ. ನಿಮಗೆ ನಗು ಬರಬಹುದು. ಆದರೆ ಎಪ್ಪತ್ತರ ದಶಕದಲ್ಲಿ ಆ ಶಾಯಿಯೇ ನನ್ನ ಅನ್ನ. ಜಮೀನು ವಶಪಡಿಸಿಕೊಳ್ಳುವ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಕಾಗದಗಳಿಗೆ ತಾರೀಖಿನ ಮೊಹರು ಒತ್ತುವುದು ನನ್ನ ಕೆಲಸ.

ಅಂತಿಂಥ ಗುಮಾಸ್ತನಲ್ಲ ಮತ್ತೆ! ಹೊತ್ತು ಪಾಲಿಸುವುದರಲ್ಲಿ ಬಿನ್ನಿಪೇಟೆಯ ಗಿರಣಿ ಸೈರನ್ನಿಗೂ ನನಗೂ ಪೈಪೋಟಿ. ನಾನು ರಾಜಾಜಿನಗರದಲ್ಲಿ ಬಸ್ಸು ಹತ್ತುವುದನ್ನು ನೋಡಿ ಎದುರುಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆಂದು ನಂಬಿದ್ದೆ. ಅವರನ್ನು ಕೇಳಿರಲಿಲ್ಲ, ಅಷ್ಟೆ.

ಕೆಂಗೇರಿಯಾಚೆಯ ಒಂದು ಹಳ್ಳಿಯ ಹೊಲಗಳು ಬಡಾವಣೆಗೆ ಬೇಕಾದವು. ತಕರಾರಿದ್ದರೆ ಮೂವತ್ತು ದಿನದೊಳಗೆ ಅರ್ಜಿ ಕೊಡಿ ಎಂಬ ನೋಟೀಸು ಸಿದ್ಧವಾಯಿತು. ಸಾಹೇಬರು ನನ್ನನ್ನು ಕರೆದರು. "ಮೇಲಿಂದ ಒಂದೇ ಅವಸರ ಕಣಯ್ಯ. ಹನ್ನೆರಡು ದಿನ ಹಿಂದಿನ ತಾರೀಖು ಹಾಕು."

ಮೊಹರಿನ ಹಲ್ಲುಚಕ್ರವನ್ನು ಉಗುರಿನಿಂದ ಹಿಂದಕ್ಕೆ ತಿರುಗಿಸಿದೆ. ಟಿಕ್, ಟಿಕ್. ಹನ್ನೆರಡು ದಿನ ಮಾಯ. ಅಂದೇ ಸಂಜೆ ಜವಾನ ಅದನ್ನು ಊರ ಚಾವಡಿಗೆ ಅಂಟಿಸಿ ಬಂದ.

ಅಲ್ಲಿಂದ ಹತ್ತೊಂಬತ್ತನೆಯ ದಿನ ಹೊನ್ನಮ್ಮ ಬಂದರು. ಗಂಡನಿಲ್ಲ, ಎರಡೆಕರೆ ರಾಗಿ ಹೊಲ ಬಿಟ್ಟರೆ ಬೇರೆ ಆಧಾರವೂ ಇಲ್ಲ. ಹೆಬ್ಬೆಟ್ಟೊತ್ತಿದ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಮೂವತ್ತು ದಿನ ಅಂತ ಮೇಷ್ಟ್ರು ಓದಿ ಹೇಳಿದ್ರು ಸಾಮಿ. ಅವತ್ತಿಂದ ಗೋಡೆ ಮ್ಯಾಲೆ ದಿನಕ್ಕೊಂದು ಗೀಟು ಎಳ್ದಿವ್ನಿ. ಹಿರೀಕರ ಹೊಲದ ಮಾತು, ಪಿತೃಪಕ್ಷದಲ್ಲಿ ಹೆಬ್ಬೆಟ್ಟು ಒತ್ಬಾರ್ದು, ಅಮಾಸೆ ಕಳೀಲಿ ಅಂತ ಕಾದೆ. ಇನ್ನೂ ಹನ್ನೊಂದು ದಿನ ಐತಲ್ಲ?"

ನೋಟೀಸಿನ ಪ್ರಕಾರ ಅದು ಮೂವತ್ತೊಂದನೆಯ ದಿನ. ಸಾಹೇಬರ ಕೋಣೆಯ ಬಾಗಿಲು ತೆರೆದಿತ್ತು.

"ನಿನ್ನೆಗೇ ಮುಗೀತಮ್ಮ," ಎಂದೆ.

"ಅದೆಂಗೆ ಸಾಮಿ? ನಾನು ಎಣಿಸಿವ್ನಲ್ಲ!"

ಚಕ್ರವನ್ನು ಒಂದೇ ಒಂದು ಹಲ್ಲು ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು. ಮೊಹರು ಕೈಯಲ್ಲೇ ಇತ್ತು. "ಕಾನೂನಮ್ಮ, ನಾನೇನು ಮಾಡ್ಲಿ?" ಎಂದು ಆ ದಿನದ ತಾರೀಖನ್ನೇ ಒತ್ತಿದೆ, ಪಕ್ಕದಲ್ಲಿ 'ಅವಧಿ ಮೀರಿದೆ' ಎಂದು ದುಂಡಗೆ ಬರೆದೆ. ತೆನೆ ಬಲಿಯುವ ಮೊದಲೇ ಆಕೆಯ ಹೊಲದಲ್ಲಿ ಅಳತೆಯ ಗೂಟಗಳೆದ್ದವು.

ಹೊಲ ಕಸಿಯುವಾಗ ಹನ್ನೆರಡು ದಿನ ಕಾಯಲಾಗದವರು, ಅದೇ ಊರಿನ ಉಳಿದ ಮನೆಗಳಿಗೆ ನಲ್ಲಿ ಹಾಕಿಸಲು ವರ್ಷಗಟ್ಟಲೆ ತೆಗೆದುಕೊಂಡರು. ಆ ಕಡತವೂ ನನ್ನ ಮೇಜಿನ ಮೇಲೆ ಹಾದುಹೋಯಿತು. ಅದಕ್ಕೆ ಯಾರೂ ಹಿಂದಿನ ತಾರೀಖು ಹಾಕಿಸಲಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ, ಸಾಹೇಬರ ಮೇಲಿನದಕ್ಕಿಂತ ನನ್ನ ಮೇಲೆಯೇ ಹೆಚ್ಚು.

ಮೊನ್ನೆ ಬ್ಯಾಂಕಿಗೆ ಹೋಗಿದ್ದು ನಾನಿನ್ನೂ ಬದುಕಿದ್ದೇನೆ ಎಂಬ ಪತ್ರ ಕೊಡಲು. ಗಡುವು ಹಿಂದಿನ ದಿನವೇ ಮುಗಿದಿತ್ತು, ಮರೆವು. ಕೌಂಟರಿನ ಹುಡುಗಿ ನಕ್ಕಳು. "ಒಂದು ದಿನ ತಾನೇ ಅಂಕಲ್? ನಿನ್ನೆ ಡೇಟ್ ಹಾಕ್ತೀನಿ ಬಿಡಿ."

ಅವಳ ಉಗುರಿನ ಕೆಳಗೆ ಚಕ್ರ ಟಿಕ್ ಎಂದಿತು. ಅಷ್ಟೇ ಹೊತ್ತು, ಅಷ್ಟೇ ಸುಲಭ.

ಬೇಡಮ್ಮ, ಇವತ್ತಿನದೇ ಹಾಕು ಎನ್ನಬೇಕಿತ್ತು. "ಥ್ಯಾಂಕ್ಸಮ್ಮ" ಎಂದು ರಸೀದಿಯನ್ನು ಜೇಬಿಗಿಟ್ಟುಕೊಂಡೆ.