ಉತ್ತರ ತೋರಿಸಿದ ಪ್ರಶ್ನೆಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ದೊಡ್ಡ ಯಂತ್ರವೊಂದು ಗುಡುಗುಡು ಸದ್ದು ಮಾಡುತ್ತ ಹಾಸಿಗೆಯ ಹೊದಿಕೆಗಳನ್ನು ಉರುಳಿಸುತ್ತಿದೆ. ಅದರ ಮುಂದೆ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತ ಹೆಂಗಸು ಒದ್ದೆ ಕೈ ಒರೆಸಿಕೊಂಡು ಫೋನು ತೆಗೆಯುತ್ತಾರೆ, ಕನ್ನಡಕ ಏರಿಸುತ್ತಾರೆ, ಒಂದು ಸಾಲು ಬರೆದು ಮೂರು ಸಲ ಓದುತ್ತಾರೆ.

"ಯಂತ್ರ ನಿಲ್ಲೋದ್ರೊಳಗೆ ಪ್ರಶ್ನೆ ಹಾಕ್ಬಿಡ್ಬೇಕು. ಆಮೇಲೆ ಇಸ್ತ್ರಿ ಮುಂದೆ ನಿಂತ್ರೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿರಲ್ಲ" ಎಂದು ನಗುತ್ತಾರೆ.

ಇಲ್ಲಿ ಇವರು ಬಟ್ಟೆ ವಿಭಾಗದ ಕೆಲಸದವರು. ಫೋನಿನೊಳಗೆ ಮಾತ್ರ ಪ್ರಶ್ನೆಯಕ್ಕ. ತಂದೆಯ ವಯಸ್ಸಿನವರೂ ಹಾಗೇ ಕರೆಯುತ್ತಾರೆ. ಅಂತರ್ಜಾಲದಲ್ಲಿ ವರ್ಷಗಳಿಂದ ನಡೆಯುತ್ತಿರುವ ಒಂದು ವಿಚಿತ್ರ ಆಟದಲ್ಲಿ ತಂಡಗಳ ರಸಪ್ರಶ್ನೆ ನಡೆಸುವುದು ಇವರ ಹೊಣೆ. ಆಟದಲ್ಲಿ ಚೆಂಡಿಲ್ಲ, ದಾಳವಿಲ್ಲ. ಇರುವುದೆಲ್ಲ ನಿಯಮಗಳು, ಅವನ್ನೂ ಆಡುವವರೇ ಮತ ಹಾಕಿ ಮಾಡುತ್ತಾರೆ, ಮತ ಹಾಕಿಯೇ ಕೆಡವುತ್ತಾರೆ. ಬರೆದ ಅಕ್ಷರವೇ ಕಾನೂನು, ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಒಬ್ಬರು ಚಾಪೆ ಕೆಳಗೆ ತೂರಿದರೆ ಇನ್ನೊಬ್ಬರು ರಂಗೋಲಿ ಕೆಳಗೆ ತೂರುತ್ತಾರೆ. ಪ್ರಶ್ನೆ ಹುಡುಕುವುದು, ಅಂಕ ಕೂಡಿಸುವುದು, ಸೋತವರ ಮುನಿಸು ಇಳಿಸುವುದು, ಎಲ್ಲವೂ ಪ್ರಶ್ನೆಯಕ್ಕನ ತಲೆಗೇ. ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ.

ಗಂಡ ತೀರಿಕೊಂಡ ಮೇಲೆ ಕೆಲಸ ಹುಡುಕಿಕೊಂಡು ಅತ್ತೆಯೊಂದಿಗೆ ಈ ಊರಿಗೆ ಬಂದವರು ಇವರು. "ಇಲ್ಲಿ ನನ್ನ ಮುಖ ನೋಡಿ ಮಾತಾಡೋರು ಒಬ್ರೂ ಇರಲಿಲ್ಲ. ಯಂತ್ರದ ಜೊತೆ ಎಷ್ಟಂತ ಮಾತಾಡ್ಲಿ? ಈ ಆಟದಲ್ಲಿ ಜಗಳ ಆಡೋಕಾದ್ರೂ ಜನ ಸಿಕ್ರು."

ಆ ಜನರನ್ನೇ ಕಳೆದುಕೊಳ್ಳುವ ಹೊತ್ತು ಕಳೆದ ಚಳಿಗಾಲದಲ್ಲಿ ಬಂದಿತ್ತು. ಒಂದು ತಂಡದ ಉತ್ತರವನ್ನು ಇನ್ನೊಂದು ತಂಡ ಕದಿಯುತ್ತದೆ ಎಂಬ ದೂರು ಹೆಚ್ಚಾದಾಗ ಪ್ರಶ್ನೆಯಕ್ಕ ಹೊಸ ನಿಯಮ ಬರೆದರು. ಅದರಲ್ಲಿ ಎರಡು ಸಾಲು. ಎಲ್ಲ ತಂಡಗಳೂ ಬರೆಯುವವರೆಗೆ ಪ್ರಶ್ನೆಯಕ್ಕ ಪ್ರಶ್ನೆಗೆ ಉತ್ತರ ಹೇಳುವಂತಿಲ್ಲ. ಪ್ರಶ್ನೆಯಕ್ಕ ಉತ್ತರ ತೋರಿಸುವವರೆಗೆ ಬೇರೆ ಯಾರೂ ಆಟದಲ್ಲಿ ಒಂದಕ್ಷರ ಬರೆಯುವಂತಿಲ್ಲ. ಉತ್ತರ ಸೋರುವ ಹರಟೆ ನಿಲ್ಲಲಿ ಎಂಬುದಷ್ಟೇ ಅವರ ಆಸೆ. ಜಾಣರೆಲ್ಲ ಕಣ್ಣುಮುಚ್ಚಿಕೊಂಡು ಮತ ಹಾಕಿದರು.

ಮೂರು ಹೃದಯವಿರುವ ಜೀವಿ ಯಾವುದು ಎಂದು ಮೊದಲ ಪ್ರಶ್ನೆ ಹೋಯಿತು. ಆಮೇಲೆ ಗಪ್‌ಚಿಪ್. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬಂತಾಗಿತ್ತು. ಇವರು ಉತ್ತರ ಕೊಡದೆ ಅವರು ಬರೆಯುವಂತಿಲ್ಲ, ಅವರು ಬರೆಯದೆ ಇವರು ಕೊಡುವಂತಿಲ್ಲ. ನಿಯಮ ಬದಲಿಸೋಣವೆಂದರೆ ಮತವನ್ನೂ ಬರೆದೇ ಹಾಕಬೇಕಲ್ಲ! ಸಾಲದ್ದಕ್ಕೆ ಹಳೆಯ ನಿಯಮವೊಂದು ಮೂಲೆಯಲ್ಲಿ ಕೂತಿತ್ತು: ವಾರವಿಡೀ ಯಾವ ತಂಡವೂ ಸೊಲ್ಲೆತ್ತದಿದ್ದರೆ ಆಟ ಶಾಶ್ವತವಾಗಿ ಮುಗಿಯಿತು, ಕೊನೆಯ ಮಾತು ಯಾರದೋ ಗೆಲುವು ಅವರದು.

ಕೊನೆಯ ಮಾತು ಪ್ರಶ್ನೆಯಕ್ಕನದೇ.

"ಬೇಕೂಂತ್ಲೇ ಮಾಡಿದ್ಲು, ಎಲ್ಲರ ಬಾಯಿ ಕಟ್ಟಿ ಗೆದ್ಲು ಅಂತಾರಲ್ಲ! ಆ ಜೀವಿಗೆ ಮೂರು ಹೃದಯ, ನನಗಿರೋದು ಒಂದೇ. ಅದೂ ಬಾಯಿಗೆ ಬಂದಿತ್ತು" ಎಂದು ಆ ದಿನಗಳನ್ನು ನೆನೆಯುತ್ತಾರೆ. ಆಟದ ತಕರಾರುಗಳಿಗೆ ತೀರ್ಪು ಕೊಡುವ ಹಿರಿಯರೊಬ್ಬರಿದ್ದಾರೆ, ಗಡಿಯಾರ ರಿಪೇರಿಯವರು. ಅವರು ಫೋನ್ ಮಾಡಿದರು. "ಆಟದಲ್ಲಿ ಬರಿಯೋ ಹಾಗಿಲ್ಲ, ಫೋನಲ್ಲಿ ಬೈಯೋಕೆ ಅಡ್ಡಿಯಿಲ್ಲ ತಾನೆ?" ಎಂದರು. ನಿಯಮ ಮುರಿದುಬಿಡೋಣವೇ ಎಂದು ಅಕ್ಕ ಕೇಳಿದ್ದಕ್ಕೆ ಅವರ ದನಿ ಗಂಭೀರವಾಯಿತು. "ಮುರಿದ್ರೆ ಆಟ ಉಳಿಯುತ್ತೆ ಪ್ರಶ್ನೆಯಕ್ಕ. ಆಡೋಕೆ ಮನಸ್ಸು ಉಳಿಯಲ್ಲ."

ವಾರ ಮುಗಿಯುವ ದಿನ ಬೆಳಗ್ಗೆ ಅಕ್ಕ ಮನೆಯಲ್ಲಿ ಮಂಕಾಗಿ ಕೂತಿದ್ದರು. ಕಂಬಳಿ ಹೊದ್ದ ಅತ್ತೆ, "ಯಾಕೇ, ಯಾರಾದ್ರೂ ಹೋಗ್ಬಿಟ್ರಾ?" ಎಂದರು.

"ಇಲ್ಲ ಅತ್ತೆ. ಉತ್ತರ ತೋರಿಸ್ಬೇಕಿತ್ತು, ತೋರಿಸೋಕಾಗ್ತಿಲ್ಲ."

"ಅದಕ್ಕೆ ಹಿಂಗೆ ಕೂರ್ತಾರೇನೇ? ಅಗೋ, ಆ ಕಿಟಕಿನೇ ಉತ್ತರ. ಹಾಳು ಚಳಿಗಾಳಿ ಬರೋದೇ ಅಲ್ಲಿಂದ. ಒಂದು ಗಾಜು ಹಾಕ್ಸೇ ಅಂತ ಬಡ್ಕೊಂಡು ಬಡ್ಕೊಂಡು ಸಾಕಾಯ್ತು!"

ಅಕ್ಕ ಕಿಟಕಿ ನೋಡಿದರು, ಅತ್ತೆಯನ್ನು ನೋಡಿದರು. ಪ್ರಶ್ನೆಗೆ ಉತ್ತರ ಹೇಳಬಾರದು ಎಂದಿದೆ, ಸರಿ. ಉಳಿದವರ ಬಾಯಿ ಬಿಡಿಸುವ ಎರಡನೇ ಸಾಲಿನಲ್ಲಿ ಇರುವುದು ಉತ್ತರ ತೋರಿಸಬೇಕು ಎಂದಷ್ಟೇ. ಯಾವ ಉತ್ತರ ಎಂದು ಬರೆದಿಲ್ಲ! ಒಡೆದ ಗಾಜಿನ ಕಿಟಕಿಯ ಕಡೆ ಕೈ ಚಾಚಿ ಫೋಟೊ ತೆಗೆದರು. ಕೆಳಗೆ, "ಇದೋ, ಉತ್ತರ" ಎಂದು ಬರೆದು ಆಟಕ್ಕೆ ಹಾಕಿದರು.

ಆಮೇಲೆ ಗಡಿಯಾರದವರ ತೀರ್ಪು ಬಂತು: "ಫೋಟೊದಲ್ಲಿ ನೆರಳು ಬಿದ್ದ ದಿಕ್ಕು ನೋಡಿದ್ದೇನೆ. ಅದು ಉತ್ತರವೇ. ತೋರಿಸಲಾಗಿದೆ. ಬರೆಯಿರಿ." ಅದರ ಹಿಂದೆಯೇ ಆಕ್ಟೋಪಸ್, ಆಕ್ಟೋಪಸ್, ಆಕ್ಟೋಪಸ್ ಎಂದು ಎಲ್ಲ ತಂಡಗಳೂ ಮುಗಿಬಿದ್ದವು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ಅತ್ತೇನ ತಬ್ಕೊಂಡು ಅತ್ತೆ. ಅವರು, ಏನಾಯ್ತೇ ನಿಂಗೆ, ಕೆಲಸಕ್ಕೆ ಹೊತ್ತಾಯ್ತು ಅಂತ ಬೈದ್ರು."

ಮರುದಿನವೇ ನಿಯಮ ತಿದ್ದಲಾಯಿತು. ಈಗ ಅಲ್ಲೊಂದು ಸಾಲು ಹೆಚ್ಚಿಗೆ ಇದೆ: ಈ ಆಟದಲ್ಲಿ ಉತ್ತರ ಎಂದರೆ ದಿಕ್ಕಲ್ಲ, ಪ್ರಶ್ನೆಯಕ್ಕನ ಅತ್ತೆ ತೋರಿಸಿದ್ದರ ಹೊರತು. ಒಮ್ಮತದಿಂದ ಪಾಸಾಯಿತು.

ಯಂತ್ರ ನಿಲ್ಲುತ್ತದೆ. ಪ್ರಶ್ನೆಯಕ್ಕ ಫೋನು ಜೇಬಿಗೆ ಹಾಕಿ ಹಸಿ ಹೊದಿಕೆಗಳನ್ನು ಬುಟ್ಟಿಗೆ ತುಂಬುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹೇಳುತ್ತಾರೆ.

"ಅತ್ತೆಗೆ ಒಂದು ದಪ್ಪ ಕಂಬಳಿ ತರ್ಬೇಕು. ಗಾಜು ಹಾಕ್ಸೋಕೆ ಮಾತ್ರ ಮನಸ್ಸು ಬರ್ತಿಲ್ಲ. ಅತ್ತೆನೂ ಈಗ ಕೇಳೋದು ಬಿಟ್ಟಿದ್ದಾರೆ. ಬೆಳಗ್ಗೆ ಎದ್ದ ತಕ್ಷಣ ಆ ಕಿಟಕಿ ಕಡೆ ನೋಡಿ, ಇದೆ ಕಣೇ, ಉತ್ತರ ಅಲ್ಲೇ ಇದೆ, ಹೋಗು ಕೆಲಸಕ್ಕೆ ಅಂತಾರೆ."