ಚೆನ್ನವ್ವನ ಕೈಗೆ ರಿಮೋಟು

ರಾಯಪ್ಪ ಹೋದ ಗುರುವಾರ ಸಂಜೆ ಇಚಲಕರಂಜಿಯಲ್ಲಿ ತೀರಿಕೊಂಡ. ಹೃದಯ ನಿಂತಿತು. ಅರವತ್ತಮೂರು ವಯಸ್ಸಾಗಿತ್ತು.

ನಲವತ್ತು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದ. ಕೆಟ್ಟು ನಿಂತ ಮಗ್ಗವನ್ನು ಹೊರಡಿಸುವುದು ಅವನ ಕೆಲಸ. ಹೆಂಡತಿ ಚೆನ್ನವ್ವ ಗಡಹಿಂಗ್ಲಜದವಳು. ಆ ಕಡೆ ಬಳಗದಲ್ಲಿ ಮದುವೆಯಾದರೆ ಸೋಬಾನೆ ಹಾಡಲು ಅವಳೇ ಬೇಕು. ಅವಳು ಹಾಡಲು ಕೂತಲ್ಲೆಲ್ಲ ರಾಯಪ್ಪ ಮೊಬೈಲ್ ಹಿಡಿದು ನಿಲ್ಲುತ್ತಿದ್ದ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಗಿ ಚೆನ್ನವ್ವನ ದನಿ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಆಮೇಲೆ ಅವಳ ಹಾಡು ಅಂತ ಇದ್ದದ್ದು ಅವನು ಹೀಗೆ ಹಿಡಿದಿಟ್ಟ ನಲವತ್ತು ಮದುವೆಗಳ ವಿಡಿಯೊದಲ್ಲಿ ಮಾತ್ರ.

ಮಗಳು ರುತುಜಾ ಅವನ್ನೆಲ್ಲ ಹಳೆಯ ಕಂಪ್ಯೂಟರಿಗೆ ತುಂಬಿ, ಅಲ್ಲಿಂದ ಟಿವಿಗೆ ಬರುವ ಹಾಗೆ ಸರ್ವರ್ ಮಾಡಿಕೊಟ್ಟು ಕೊಲ್ಹಾಪುರದ ಗಂಡನ ಮನೆಗೆ ಮರಳಿದಳು. ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಕಂಪ್ಯೂಟರ್ ಎಬ್ಬಿಸಿ ಪಾಸ್‌ವರ್ಡ್ ಹೊಡೆಯಬೇಕು. ಚೆನ್ನವ್ವನಿಗೆ ಓದು ಬಾರದು. ರಾಯಪ್ಪ ಇರುವತನಕ ಅದೇನು ದೊಡ್ಡ ಮಾತಾಗಿರಲಿಲ್ಲ. ಆದರೆ ಆಷಾಢದಲ್ಲಿ ಕೊಲ್ಹಾಪುರದ ಡಾಕ್ಟರು ಅವನ ಹೃದಯದ ಶಕ್ತಿ ಕಾಲುಭಾಗಕ್ಕೆ ಇಳಿದಿದೆ ಎಂದರು. ಮರಳುವ ಬಸ್ಸು ಹಾತಕಣಂಗಲೆ ದಾಟಿತು. ರಾಯಪ್ಪ ಪಕ್ಕದಲ್ಲಿದ್ದ ಗೆಳೆಯ ಧನಪಾಲನಿಗೆ ಅಂದ:

"ನಾ ಹೋದ ಮ್ಯಾಲೆ ಆ ಕಂಪ್ಯೂಟರ್ ಯಾರು ಚಾಲೂ ಮಾಡ್ತಾರೋ? ತನ್ನ ದನಿ ತಾ ಕೇಳಾಕ ಆಕಿ ಮಂದಿ ಬಾಗಿಲಾ ಬಡೀಬೇಕೇನು?"

"ಸರ್ವರ್ ಬ್ಯಾಡ ಅನ್ನೂ ಆ್ಯಪ್ ಅದಾವಂತೋ. ವಿಡಿಯೊ ತುಂಬಿದ ಡಿಸ್ಕ್ ಟಿವಿಗೇ ಚುಚ್ಚೂದು, ಮುಗೀತು."

ಹುಡುಕಾಟ ಶುರುವಾಯಿತು. ಮೊದಲನೆಯ ಆ್ಯಪ್ ತೆರೆದಾಗಲೆಲ್ಲ ಹೆಸರು, ಇಮೇಲ್ ಕೇಳಿತು. ರಾಯಪ್ಪ ಅದನ್ನು ಅದೇ ದಿನ ತೆಗೆದುಹಾಕಿದ. ಎರಡನೆಯದರಲ್ಲಿ ತಪ್ಪು ಅವನದೇ. ನೇಯ್ದಿಳಿಸಿದ ಬಟ್ಟೆಯ ಅಂಚಿಗೆ ಮಗ್ಗದ ನಂಬರು, ಪಾಳಿ, ತಾರೀಕು ಬರೆದು ರೂಢಿಯಾದ ಕೈ. ವಿಡಿಯೊಗಳಿಗೂ 'ಹದಿನೇಳು ಹಗಲು' ಎಂಬಂಥ ಹೆಸರನ್ನೇ ಇಟ್ಟಿದ್ದ. ಆ್ಯಪ್ ಅವನ್ನು ಸಿನಿಮಾ ಎಂದು ತಿಳಿದು ಇಂಟರ್ನೆಟ್ಟಿನಿಂದ ಚಿತ್ರ ತಂದು ಅಂಟಿಸಿತು. ರುತುಜಾಳ ಮದುವೆಯ ಮೇಲೆ ಬಂದೂಕು ಹಿಡಿದ ಬಿಳಿಯನೊಬ್ಬ ನಿಂತಿದ್ದ.

"ಇಂವ ಯಾವ ಕಡೀ ಬೀಗರೀ?" ಚೆನ್ನವ್ವ ಪಿಸುಗುಟ್ಟಿದಳು.

"ನಿನ್ನ ತವರಿನಂವನ ಇರಬೇಕು, ಮಾರಿ ನೋಡು."

ಮೂರನೆಯದು ಇಂಟರ್ನೆಟ್ ಕೇಳಲಿಲ್ಲ, ಹೆಸರೂ ಕೇಳಲಿಲ್ಲ. ಡಿಸ್ಕಿನಲ್ಲಿ ಇದ್ದದ್ದನ್ನು ತಾನೇ ಓದಿ, ಒಳಗಿಟ್ಟ ಫೋಟೊವನ್ನೇ ಮುಖಚಿತ್ರವಾಗಿ ತೋರಿಸಿತು. ರಾಯಪ್ಪ ಅಷ್ಟಕ್ಕೆ ನಂಬುವವನಲ್ಲ. ನಿಂತ ಮಗ್ಗ ನಿಂತಲ್ಲಿಂದಲೇ ಹೊರಡದಿದ್ದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ಹಾಗಾಗಿ ಹಾಡಿನ ನಡುವೆ ಮೇನ್ ಸ್ವಿಚ್ಚೇ ಆರಿಸಿ, ಮತ್ತೆ ಹಾಕಿದ. ಹಾಡು ಬಿಟ್ಟ ನುಡಿಯಿಂದಲೇ ಮುಂದುವರಿಯಿತು. "ಇದು ನಡೀತೈತಿ" ಎಂದ.

ಪ್ರತಿ ಮದುವೆಗೂ ಮದುಮಗಳ ಫೋಟೊ ಇಟ್ಟ. ಚೆನ್ನವ್ವ ರಿಮೋಟು ಹಿಡಿದು ಅತ್ತಿತ್ತ ಒತ್ತಿ ಸೋತಳು.

"ಬರೇ ಬಾಸಿಂಗ ಕಾಣ್ತಾವ್ರೀ. ಎಲ್ಲಾರೂ ಒಂದ ತಾಯಿ ಮಕ್ಕಳಂಗ ಅದಾರ."

"ಮತ್ತ ನೀ ಹ್ಯಾಂಗ ನೆನಪಿಡ್ತಿ?"

"ನನ್ನ ಬಾಜೂಕ ಯಾರು ಕುಂತು ದನಿ ಕೂಡಿಸಿದ್ರು, ಅದರ ಮ್ಯಾಲೆ."

ನಲವತ್ತು ಮದುವೆ ನೋಡಿದವನಿಗೆ ಇದು ಹೊಳೆದಿರಲಿಲ್ಲ. ಎಂಟು ದಿನ ಕೂತು ಮದುಮಗಳ ಫೋಟೊಗಳನ್ನೆಲ್ಲ ತೆಗೆದುಹಾಕಿದ. ಹಲಕರ್ಣಿಯ ಮದುವೆಗೆ ಹಲ್ಲಿಲ್ಲದ ಶೆವಂತಾಬಾಯಿಯ ಮುಖ ಬಂತು, ಉಳಿದವಕ್ಕೆ ಅಲ್ಲಲ್ಲಿ ಜೊತೆಗೆ ಹಾಡಿದ ಹೆಂಗಸರದು.

ಹೋದ ಗುರುವಾರ ಸಂಜೆಗೆ ಕೆಲಸ ಮುಗಿಯಿತು. ಟಿವಿ ಆರಿಸಿ ರಿಮೋಟನ್ನು ಹೆಂಡತಿಯ ಮಡಿಲಲ್ಲಿಟ್ಟು, "ಹಾಲು ತರ್ತೇನಿ" ಎಂದು ಹೊರಬಂದ. ಎದುರಿನ ಕಟ್ಟೆಯ ಮೇಲೆ ಧನಪಾಲ ಕೂತಿದ್ದ. ರಾಯಪ್ಪ ಅವನ ಪಕ್ಕ ಕೂತು, ಮಾತಾಡಬೇಡ ಎಂದು ಕೈಮಾಡಿದ.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ತಾನೇ ಹಾಡು ಹಾಕಿಕೊಡಲೆಂದು ಧನಪಾಲ ಏಳಲು ಹೋದ; ರಾಯಪ್ಪ ಅವನ ತೋಳು ಹಿಡಿದು ಕೂರಿಸಿದ. ಆಮೇಲೆ ಒಳಗಿನಿಂದ ಚೆನ್ನವ್ವನ ತುಂಬು ದನಿ ಬಂತು, ಹಿಂದೆಯೇ ಶೆವಂತಾಬಾಯಿಯದು. ಆ ಹಾಡು ಪೂರ್ತಿ ಮುಗಿಯಿತು. ತುಸು ಹೊತ್ತಿಗೆ ಬೇರೆ ಮದುವೆಯ ಹಾಡು ಶುರುವಾಯಿತು.

"ಎರಡನೇದೂ ತಾನ ಹಚ್ಚಿದ್ಲೋ," ಎಂದ ರಾಯಪ್ಪ. "ಭಾಳ ಹಗುರಾತು ನೋಡು."

"ಹಾಲು ತರಾಕ ಹೊಂಟಿದ್ದೆಲ್ಲ?"

"ಭಾಂಡೆ ತಂದೇನೇನು ನಾ? ಹಾಡು ಕೇಳೋ ಸುಮ್ನ."

ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕಾಲು ಚಾಚಿದ. ಹಾಡು ಮುಗಿಯುವವರೆಗೂ ಬೆರಳಿನಿಂದ ಕಟ್ಟೆಯ ಕಲ್ಲಿನ ಮೇಲೆ ತಾಳ ಹಾಕುತ್ತ ಕೂತ.